ಮೊದಲ 25 ಮೀಟರ್: ಈಜುಕೊಳದ ಫ್ರೀಡೈವಿಂಗ್‌ನಲ್ಲಿ ಸ್ವಂತ ದಾಖಲೆ ಬೆಳೆಸುವ ಬಗೆ

ಎಂಟು ತಿಂಗಳ ಕಾಲ ನನ್ನ ಡೈನಾಮಿಕ್, ಎಂದರೆ ಒಂದೇ ಉಸಿರು ಕಟ್ಟಿ ನೀರೊಳಗೆ ಅಡ್ಡಕ್ಕೆ ಸಾಗುವ ದೂರ, 62 ಮೀಟರಿನಲ್ಲೇ ನಿಂತುಬಿಟ್ಟಿತ್ತು. ಪ್ರತಿ ಶನಿವಾರ ಬೆಂಗಳೂರಿನ ಒಂದು 25 ಮೀಟರ್ ಕೊಳಕ್ಕೆ ಇಳಿಯುತ್ತಿದ್ದೆ. ಒಂದೇ ಉಸಿರಿನಲ್ಲಿ ಎರಡು ಉದ್ದ ಮುಗಿಸಿ ಮೂರನೆಯದರ ನಡುವೆ ಬರುವಷ್ಟರಲ್ಲಿ ಎದೆ ಒದ್ದಾಡತೊಡಗುತ್ತಿತ್ತು, ಮೇಲೆದ್ದುಬಿಡುತ್ತಿದ್ದೆ. ಉಸಿರು ಸಾಲುತ್ತಿಲ್ಲ ಎಂದುಕೊಂಡು ಮನೆಯಲ್ಲಿ ಉಸಿರು ಕಟ್ಟುವ ಅಭ್ಯಾಸವನ್ನೇ ಹೆಚ್ಚಿಸಿದೆ. ಸ್ಟ್ಯಾಟಿಕ್, ಎಂದರೆ ಅಲುಗಾಡದೆ ಉಸಿರು ಕಟ್ಟುವ ಹೊತ್ತು, 3:20ರಿಂದ 4 ನಿಮಿಷಕ್ಕೆ ಏರಿತು, ಡೈನಾಮಿಕ್ ಕದಲಲಿಲ್ಲ. ಒಂದು ದಿನ ಜೊತೆಗಾರ ನೀರೊಳಗೆ ಕ್ಯಾಮೆರಾ ಹಿಡಿದ. ನೋಡಿದರೆ ಎಲ್ಲವೂ ಅದರಲ್ಲೇ ಇತ್ತು: ತಲೆ ಎತ್ತಿ ಎದುರಿನ ಗೋಡೆಯನ್ನು ದಿಟ್ಟಿಸುತ್ತಿದ್ದೆ, ಸೊಂಟ ಕೆಳಗೆ ಜೋತಿತ್ತು, ಮೊದಲ 25 ಮೀಟರಿಗೇ 19 ಸಲ ಕಾಲಿನ ಫಿನ್ (ಈಜುರೆಕ್ಕೆ) ಬಡಿದಿದ್ದೆ. ಅಲ್ಲಿ ಮಾಡಿದ ದುಂದಿನ ಲೆಕ್ಕ ಮೂರನೆಯ ಉದ್ದದಲ್ಲಿ ತೀರುತ್ತಿತ್ತು. ಆಮೇಲಿನ ಆರು ವಾರ ಉಸಿರಿನ ತಂಟೆಗೇ ಹೋಗದೆ ಆ ಮೊದಲ 25 ಮೀಟರನ್ನು ಮಾತ್ರ ತಿದ್ದಿದೆ. ಏಳನೆಯ ವಾರ 75 ಮೀಟರ್ ಮುಟ್ಟಿ ಮೇಲೆ ಬಂದಾಗ ನನ್ನ ಉಸಿರು ಹಿಂದೆಂದಿಗಿಂತ ಸಮಾಧಾನದಲ್ಲಿತ್ತು.

ಈ ಮಾರ್ಗದರ್ಶಿ ಇದೇ ನಂಬಿಕೆಯ ಮೇಲೆ ನಿಂತಿದೆ. ಕೊನೆಯ ಸೆಕೆಂಡುಗಳನ್ನು ಹಲ್ಲುಕಚ್ಚಿ ಗೆಲ್ಲುವುದಕ್ಕಿಂತ ಆರಂಭದ ಖರ್ಚನ್ನು ಇಳಿಸುವುದರಿಂದಲೇ ದಾಖಲೆ ಹೆಚ್ಚು ಬೆಳೆಯುತ್ತದೆ. ಫ್ರೀಡೈವಿಂಗ್‌ನ ಪ್ರಾಥಮಿಕ ಕೋರ್ಸ್ ಮುಗಿಸಿ, ಸ್ಟ್ಯಾಟಿಕ್‌ನಲ್ಲಿ ಎರಡೂವರೆ ಮೂರು ನಿಮಿಷ, ಡೈನಾಮಿಕ್‌ನಲ್ಲಿ 40-50 ಮೀಟರ್ ತಲುಪಿರುವವರನ್ನು ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ. ಹೃದಯ, ಶ್ವಾಸಕೋಶದ ತೊಂದರೆ ಅಥವಾ ಮೂರ್ಛೆ ರೋಗ ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಇದರಲ್ಲಿ ಯಾವುದನ್ನೂ ಮಾಡಬಾರದು.

ಹೆಸರುಗಳನ್ನು ಒಮ್ಮೆ ಹೇಳಿಬಿಡುತ್ತೇನೆ. ಮುಖವನ್ನು ನೀರಿನಲ್ಲಿಟ್ಟು ಅಲುಗಾಡದೆ ತೇಲುವುದು ಸ್ಟ್ಯಾಟಿಕ್. ನೀರೊಳಗೆ ಅಡ್ಡಕ್ಕೆ ದೂರ ಸಾಗುವುದು ಡೈನಾಮಿಕ್; ಅದರಲ್ಲಿ ಮೋನೋಫಿನ್ (ಎರಡೂ ಪಾದಕ್ಕೆ ಸೇರಿ ಒಂದೇ ಫಿನ್), ಎರಡು ಬಿಡಿ ಫಿನ್, ಫಿನ್ ಇಲ್ಲದ್ದು ಎಂದು ಮೂರು ಬಗೆ. 1992ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಫ್ರೀಡೈವಿಂಗ್ ಸಂಸ್ಥೆ ಐಡಾದ ನಿಯಮದಡಿ ಫ್ರಾನ್ಸಿನ ಸ್ಟೆಫಾನ್ ಮಿಫ್ಸುಡ್ 2009ರಲ್ಲಿ 11 ನಿಮಿಷ 35 ಸೆಕೆಂಡ್ ಸ್ಟ್ಯಾಟಿಕ್ ಮಾಡಿದರು. 2016ರಲ್ಲಿ ಫಿನ್ಲೆಂಡಿನ ಟುರ್ಕುವಿನಲ್ಲಿ ಪೋಲೆಂಡಿನ ಮಾತೆಯುಶ್ ಮಲೀನಾ ಮತ್ತು ಗ್ರೀಸಿನ ಯೊರ್ಗೊಸ್ ಪನಾಯೊಟಾಕಿಸ್ ಇಬ್ಬರೂ ಫಿನ್ ಕಟ್ಟಿಕೊಂಡು 300 ಮೀಟರ್ ಸಾಗಿದರು. 20 ನಿಮಿಷ ದಾಟಿದ ಸುದ್ದಿಗಳನ್ನೂ ನೀವು ಓದಿರಬಹುದು. ಕ್ರೊಯೇಷಿಯಾದ ಬುಡಿಮಿರ್ ಶೋಬಾಟ್ 2021ರಲ್ಲಿ 24 ನಿಮಿಷ 37 ಸೆಕೆಂಡ್ ಇದ್ದರು. ಅದು ಮೊದಲು ಶುದ್ಧ ಆಮ್ಲಜನಕ ಉಸಿರಾಡಿ ಮಾಡಿದ ಸಾಧನೆ, ಬೇರೆಯದೇ ವರ್ಗ. ಅದರ ಪಕ್ಕದಲ್ಲಿ ನಿಮ್ಮ ಅಂಕಿಯನ್ನು ಇಟ್ಟು ನೋಡಬೇಡಿ.

ಹೆಜ್ಜೆ 1: ನೀರಿಗಿಳಿಯುವ ಮೊದಲು ಜೊತೆಗಾರ

ನಮ್ಮಲ್ಲಿ ಪ್ರಾಣಾಯಾಮ ಗೊತ್ತಿರುವವರು ಬಹಳ. ಅದು ಈ ಕ್ರೀಡೆಗೆ ಒಳ್ಳೆಯ ತಳಹದಿ, ಜೊತೆಗೆ ಒಂದು ದೊಡ್ಡ ಅಪಾಯವೂ ಹೌದು. ಆರಂಭದ ದಿನಗಳಲ್ಲಿ ನಾನು ಕೊಳದ ಅಂಚಿನಲ್ಲಿ ಕುಳಿತು ಎರಡು ನಿಮಿಷ ಭಸ್ತ್ರಿಕಾ (ರಭಸವಾಗಿ ಉಸಿರೆಳೆದು ಬಿಡುವ ಪ್ರಾಣಾಯಾಮ) ಮಾಡಿ ಧುಮುಕಿದೆ. ಆ ದಿನ 50 ಮೀಟರ್ ದಾಟಿದರೂ ಉಸಿರಾಡಬೇಕು ಎನಿಸಲೇ ಇಲ್ಲ. ಎಷ್ಟು ಹಗುರ, ಎಷ್ಟು ಸುಖ ಎಂದುಕೊಂಡದ್ದು ನೆನಪಿದೆ. ಅದರ ಮುಂದಿನ ನೆನಪು, ಜೊತೆಗಾರ ನನ್ನ ಗದ್ದ ಎತ್ತಿ ಹಿಡಿದು ಹೆಸರು ಕೂಗುತ್ತಿದ್ದದ್ದು. ನಡುವಿನ ಕೆಲವು ಸೆಕೆಂಡು ನನ್ನ ಪಾಲಿಗೆ ಇಲ್ಲವೇ ಇಲ್ಲ. ಅವನು ಅಲ್ಲಿ ಇಲ್ಲದಿದ್ದರೆ ಈ ಸಾಲುಗಳನ್ನು ಬರೆಯಲು ನಾನೂ ಇರುತ್ತಿರಲಿಲ್ಲ.

ಆದದ್ದು ಇಷ್ಟು. ಉಸಿರಾಡಬೇಕೆಂಬ ತುಡಿತ ಹುಟ್ಟುವುದು ಮುಖ್ಯವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಆಮ್ಲಜನಕ ಇಳಿದಾಗ ದೇಹ ಅಷ್ಟು ಜೋರಾಗಿ ಕೂಗುವುದಿಲ್ಲ. ವೇಗವಾಗಿ, ಆಳವಾಗಿ ಉಸಿರಾಡಿದರೆ ಡೈಆಕ್ಸೈಡ್ ಹೊರಹೋಗುತ್ತದೆ. ಆಮ್ಲಜನಕ ಮಾತ್ರ ಹೆಚ್ಚೇನೂ ಸೇರುವುದಿಲ್ಲ, ಏಕೆಂದರೆ ಸುಮ್ಮನೆ ಕುಳಿತಿರುವ ಆರೋಗ್ಯವಂತರ ಹಿಮೋಗ್ಲೋಬಿನ್ ಆಗಲೇ ಹತ್ತಿರಹತ್ತಿರ ತುಂಬಿರುತ್ತದೆ. ಮೇಲಾಗಿ ಡೈಆಕ್ಸೈಡ್ ಕಡಿಮೆಯಾದಾಗ ಹಿಮೋಗ್ಲೋಬಿನ್ ತನ್ನಲ್ಲಿರುವ ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಮಿದುಳಿನ ರಕ್ತನಾಳಗಳೂ ಕಿರಿದಾಗುತ್ತವೆ. ಎಚ್ಚರಿಕೆಯ ಗಂಟೆಯನ್ನು ಕಿತ್ತುಹಾಕಿ ಮನೆಯೊಳಗೆ ಬೆಂಕಿ ಹಚ್ಚಿದ ಹಾಗೆ. ಆದ್ದರಿಂದ ಭಸ್ತ್ರಿಕಾ, ಕಪಾಲಭಾತಿಗಳನ್ನು ಧುಮುಕುವ ಮೊದಲು ಎಂದೂ ಮಾಡಬೇಡಿ. ಮನೆಯ ಚಾಪೆಯ ಮೇಲೆ, ಬೇರೆ ಹೊತ್ತಿನಲ್ಲಿ ಮಾಡಿಕೊಳ್ಳಿ.

ಜೊತೆಗಾರ ಎಂದರೆ ದಂಡೆಯ ಮೇಲೆ ಮೊಬೈಲ್ ನೋಡುತ್ತ ಕುಳಿತವನಲ್ಲ. ಕೊಳದ ಲೈಫ್‌ಗಾರ್ಡ್ ಕೂಡ ಆ ಜಾಗ ತುಂಬಲಾರರು. ಅವರ ಕಣ್ಣು ಇಡೀ ಕೊಳದ ಮೇಲಿರುತ್ತದೆ. ಡೈನಾಮಿಕ್‌ನಲ್ಲಿ ಜೊತೆಗಾರ ನಿಮ್ಮ ಮೇಲೆಯೇ, ತುಸು ಹಿಂದೆ, ಸ್ನಾರ್ಕೆಲ್ ಹಾಕಿಕೊಂಡು ಸಾಗಬೇಕು. ಸ್ಟ್ಯಾಟಿಕ್‌ನಲ್ಲಿ ಪಕ್ಕದಲ್ಲಿ ನಿಂತು, ಮೊದಲೇ ಮಾತಾಡಿಕೊಂಡ ಹೊತ್ತಿಗೆ ತೋಳು ತಟ್ಟಬೇಕು. ನೀವು ತೋರುಬೆರಳು ಎತ್ತಬೇಕು. ಬೆರಳು ಏಳದಿದ್ದರೆ ತಕ್ಷಣ ಮತ್ತೊಮ್ಮೆ ತಟ್ಟಬೇಕು, ಆಗಲೂ ಉತ್ತರವಿಲ್ಲದಿದ್ದರೆ ಮೇಲೆತ್ತಿಬಿಡಬೇಕು. ಪ್ರಜ್ಞೆ ತಪ್ಪಿದವರ ಬಾಯಿ ಮೂಗು ನೀರಿನಿಂದ ಹೊರಗಿರುವಂತೆ ಹಿಡಿದು, ಗಾಗಲ್ ಮತ್ತು ಮೂಗಿನ ಕ್ಲಿಪ್ ತೆಗೆದು, ಕಣ್ಣಿನ ಸುತ್ತ ಊದಿ, ಕೆನ್ನೆ ತಟ್ಟಿ, ಹೆಸರು ಹಿಡಿದು ‘ಉಸಿರಾಡು’ ಎನ್ನಬೇಕು. ಹತ್ತು ಸೆಕೆಂಡಿನಲ್ಲಿ ಉಸಿರು ಮರಳದಿದ್ದರೆ ಬಾಯಿಗೆ ಬಾಯಿಟ್ಟು ಎರಡು ಉಸಿರು ಕೊಡಬೇಕು, ಜೊತೆಗೆ ಸಹಾಯಕ್ಕೆ ಕೂಗಬೇಕು. ಇದನ್ನು ತಿಂಗಳಿಗೊಮ್ಮೆಯಾದರೂ ನೀರಿನಲ್ಲಿ ನಟಿಸಿ ಅಭ್ಯಾಸ ಮಾಡಿ. ಮೇಲೆ ಬಂದು ಉಸಿರೆಳೆದುಕೊಂಡ ಮೇಲೂ ಆ ಆಮ್ಲಜನಕ ಮಿದುಳು ತಲುಪಲು ಕೆಲವು ಸೆಕೆಂಡು ಬೇಕು. ಹಾಗಾಗಿ ಮುಂದಿನ ಅರ್ಧ ನಿಮಿಷ ಜೊತೆಗಾರನ ಕಣ್ಣು ನಿಮ್ಮ ಮುಖದಿಂದ ಕದಲಬಾರದು.

ಒಬ್ಬರೇ ಇದ್ದಾಗ ಬಚ್ಚಲ ತೊಟ್ಟಿಯಲ್ಲೂ ಉಸಿರು ಕಟ್ಟಬೇಡಿ. ಕೊಳದ ಮೇಲ್ವಿಚಾರಕರಿಗೆ ನೀವೇನು ಮಾಡುತ್ತೀರಿ ಎಂದು ಮೊದಲೇ ವಿವರಿಸಿ ಅನುಮತಿ ಪಡೆಯಿರಿ. ಹಲವು ಕೊಳಗಳಲ್ಲಿ ನೀರೊಳಗೆ ಉಸಿರು ಕಟ್ಟುವುದಕ್ಕೆ ನಿಷೇಧವಿದೆ. ಅದಕ್ಕೆ ಕಾರಣವೂ ಇದೆ, ಮೀರಬೇಡಿ.

ಹೆಜ್ಜೆ 2: ಈಗ ಎಲ್ಲಿದ್ದೀರಿ ಎಂದು ಬರೆದುಕೊಳ್ಳಿ

ಒಂದು ನೋಟ್‌ಬುಕ್ ಸಾಕು. ಎಷ್ಟು ಮೀಟರ್, ಎಷ್ಟು ನಿಮಿಷ ಎಂಬುದರ ಜೊತೆಗೆ ಇನ್ನೂ ಮೂರು ಅಂಕಿ ಬೇಕು. ವಪೆಯ (ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಿನ) ಮೊದಲ ಸೆಳೆತ ಯಾವಾಗ ಬಂತು? ಪ್ರತಿ 25 ಮೀಟರಿಗೆ ಎಷ್ಟು ಸಲ ಫಿನ್ ಬಡಿದಿರಿ? ಆ 25 ಮೀಟರಿಗೆ ಎಷ್ಟು ಸೆಕೆಂಡು ಹಿಡಿಯಿತು? ಮೇಲೆ ಬಂದಾಗಿನ ಸ್ಥಿತಿಯನ್ನೂ ಒಂದು ಮಾತಿನಲ್ಲಿ ಬರೆಯಿರಿ: ತಿಳಿಯಾಗಿದ್ದೆ, ತಲೆ ಮಂಕಾಗಿತ್ತು, ತುಟಿ ನೀಲಿಯಾಗಿತ್ತು ಎಂದು ಜೊತೆಗಾರ ಹೇಳಿದ, ಹೀಗೆ. ದೂರ ಬದಲಾಗದೆ ಸೆಳೆತ ಮಾತ್ರ ತಡವಾಗತೊಡಗಿದ್ದರೆ ನೀವು ಬೆಳೆಯುತ್ತಿದ್ದೀರಿ, ದಾಖಲೆ ಹಿಂದಿನಿಂದ ಬರುತ್ತದೆ. ದೂರ ಹೆಚ್ಚಾಗಿ ಮೇಲೆ ಬಂದಾಗಿನ ಸ್ಥಿತಿ ಕೆಟ್ಟಿದ್ದರೆ ಅದನ್ನು ಬೆಳವಣಿಗೆ ಎಂದು ಎಣಿಸಬೇಡಿ.

ಹೆಜ್ಜೆ 3: ನೀರಿನಲ್ಲಿ ಮಟ್ಟಸವಾಗಿ ಮಲಗುವುದು

ಎಲ್ಲಕ್ಕಿಂತ ಹೆಚ್ಚು ಮೀಟರ್ ಅಡಗಿರುವುದು ಇಲ್ಲಿ. ಶ್ವಾಸಕೋಶ ತುಂಬಿಕೊಂಡಾಗ ಎದೆ ತೇಲುತ್ತದೆ, ಕಾಲು ಮುಳುಗುತ್ತದೆ. ದೇಹ ಓರೆಯಾಗಿ ನೀರನ್ನು ತಳ್ಳಿಕೊಂಡು ಹೋಗುತ್ತದೆ. ಮೇಲೇಳುವ ಎದೆಯನ್ನು ತಡೆಯಲು ಅರಿವಿಲ್ಲದೆಯೇ ಪ್ರತಿ ಹೊಡೆತದಲ್ಲೂ ಒಂದಷ್ಟು ಶಕ್ತಿ ಕೆಳಮುಖವಾಗಿ ಸೋರುತ್ತದೆ. ಇದಕ್ಕೆ ಮದ್ದು ಕುತ್ತಿಗೆಯ ತೂಕ. ಸೈಕಲ್ಲಿನ ಟ್ಯೂಬಿಗೆ ಸೀಸದ ಗುಂಡುಗಳನ್ನು ತುಂಬಿ, ಟೇಪು ಸುತ್ತಿ ಬಳೆಯಂತೆ ಮಾಡಿಕೊಳ್ಳುವವರು ಬಹಳ ಜನ, ನನ್ನದೂ ಅಂಥದ್ದೇ. ಒಂದೇ ಕೈಯಲ್ಲಿ ಥಟ್ಟನೆ ಕಳಚುವ ಕೊಕ್ಕೆ ಇರಲೇಬೇಕು.

ತೂಕ ಎಷ್ಟು ಎಂಬುದಕ್ಕೆ ಸೂತ್ರವಿಲ್ಲ, ಪರೀಕ್ಷೆ ಇದೆ. ಪೂರ್ತಿ ಉಸಿರು ತುಂಬಿಕೊಂಡು, ಒಂದು ಮೀಟರ್ ಆಳದಲ್ಲಿ ಗೋಡೆಯನ್ನು ಒದ್ದು, ಕೈಗಳನ್ನು ಮುಂದೆ ಚಾಚಿ ಸುಮ್ಮನೆ ಜಾರಿ. ವೇಗ ಕುಂದಿದಾಗ ಮೇಲೆ ತೇಲಿದರೆ ತೂಕ ಸಾಲದು, ತಳಕ್ಕೆ ಇಳಿದರೆ ಹೆಚ್ಚಾಯಿತು. ಇನ್ನೂರು ಗ್ರಾಮಿನಷ್ಟು ಕೂಡಿಸುತ್ತ ಕಳೆಯುತ್ತ, ಇದ್ದ ಆಳದಲ್ಲೇ ನಿಲ್ಲುವವರೆಗೆ ಮಾಡಿ. ಒಂದು ಇಡೀ ದಿನ ಇದಕ್ಕೇ ಹೋದರೂ ಹೋಗಲಿ. ವೆಟ್‌ಸೂಟ್ ಬದಲಾದರೆ ಮತ್ತೆ ಮೊದಲಿನಿಂದ ಮಾಡಬೇಕು. ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನ ತೆರೆದ ಕೊಳಗಳ ನೀರು ಕೊರೆಯುತ್ತದೆ, ದಪ್ಪ ಸೂಟ್ ಬೇಕಾಗುತ್ತದೆ, ಆಗ ತೂಕವೂ ಏರುತ್ತದೆ.

ತಲೆ ಕೆಳಗೆ, ಗದ್ದ ಒಳಗೆ, ಕಣ್ಣು ನೇರ ತಳದ ಗೆರೆಯ ಮೇಲೆ. ಎದುರಿನ ಗೋಡೆ ನೋಡಬೇಕೆಂಬ ಆಸೆ ಬಿಡಿ. ಗೋಡೆಯ ಹತ್ತಿರ ಬಂದಾಗ ತಳದ ಗೆರೆಯೇ ಮುಗಿಯುತ್ತದೆ. ತೋಳುಗಳು ಕಿವಿಯ ಹಿಂದಕ್ಕೆ ಹೋಗದಿದ್ದರೆ ಭುಜ ಬಿಗಿದಿದೆ ಎಂದರ್ಥ. ದಿನಕ್ಕೆ ಹತ್ತು ನಿಮಿಷ ಪರ್ವತಾಸನದಲ್ಲಿ ತೋಳುಗಳನ್ನು ಮೇಲಕ್ಕೆ ಚಾಚುವುದು ಸಾಕು, ಎರಡು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ಹೆಜ್ಜೆ 4: ಕಡಿಮೆ ಹೊಡೆತ, ಸರಿಯಾದ ವೇಗ

ಗೋಡೆ ಒದ್ದು ಪಡೆದ ವೇಗ ಪುಕ್ಕಟೆ ಸಿಕ್ಕ ಮೀಟರುಗಳು. ಅದು ಇಳಿಯುವ ಮೊದಲೇ ಫಿನ್ ಬಡಿಯತೊಡಗಿದರೆ ಅಷ್ಟೂ ನಷ್ಟ. ಆಮೇಲಿನ ಹೊಡೆತ ಸೊಂಟದಿಂದ ಬರಲಿ. ಮಂಡಿ ಮಡಿಚಿ ಸೈಕಲ್ ತುಳಿದಂತೆ ಆಡಿಸಿದರೆ ತೊಡೆ ಬೇಗ ಉರಿಯುತ್ತದೆ. ನೀರೊಳಗೆ ದೇಹ ಕೈಕಾಲಿನ ರಕ್ತನಾಳಗಳನ್ನು ಕಿರಿದಾಗಿಸಿ ಮಿದುಳು ಹೃದಯಗಳಿಗೆ ರಕ್ತ ಉಳಿಸುತ್ತದೆ, ಆದ್ದರಿಂದ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗುವುದು ಸಹಜವೇ. ಅದನ್ನು ನೀವಾಗಿ ಬೇಗ ಕರೆತರಬೇಡಿ. ಎರಡೋ ಮೂರೋ ಹೊಡೆತ, ಆಮೇಲೆ ಜಾರುವಿಕೆ, ವೇಗ ಕುಂದುವ ಮುನ್ನ ಮತ್ತೆ ಹೊಡೆತ.

ಫಿನ್ ಇಲ್ಲದ ಬಗೆಯಲ್ಲಿ ತಾಳ್ಮೆ ಇನ್ನೂ ಹೆಚ್ಚು ಬೇಕು. ಕೈಯಿಂದ ಒಂದು ಎಳೆತ, ಜಾರುವಿಕೆ, ಕೈ ಮುಂದೆ ತರುತ್ತ ಕಪ್ಪೆಯ ಒದೆತ, ಮತ್ತೆ ಜಾರುವಿಕೆ. 25 ಮೀಟರಿಗೆ ಇಂಥ ಎಷ್ಟು ಸುತ್ತು ಬೇಕಾಗುತ್ತದೆ ಎಂದು ಎಣಿಸಿ. ಅದರಲ್ಲಿ ಒಂದನ್ನು ಕಡಿಮೆ ಮಾಡುವುದೇ ತಿಂಗಳ ಗುರಿಯಾಗಲಿ. ನನ್ನ ಮಟ್ಟಿಗೆ ಬಿಡಿ ಫಿನ್ ಈಜುವವರೂ ವಾರಕ್ಕೊಮ್ಮೆ ಫಿನ್ ಬಿಟ್ಟು ಈಜಬೇಕು. ನೀರು ಎಲ್ಲಿ ಹಿಡಿದೆಳೆಯುತ್ತಿದೆ ಎಂಬುದು ಬರಿಗಾಲಿಗೆ ಬೇಗ ತಿಳಿಯುತ್ತದೆ.

ವೇಗದ ವಿಷಯದಲ್ಲಿ ಹೊಸಬರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ಗಾಬರಿಗೆ ಓಡುತ್ತಾರೆ, ಕೆಲವರು ನಿಧಾನವೇ ಉಳಿತಾಯ ಎಂದು ತೆವಳುತ್ತಾರೆ. ತೆವಳಿದರೆ ನೀರೊಳಗಿನ ಹೊತ್ತು ಹೆಚ್ಚಿ ಸುಮ್ಮನೆ ಇದ್ದುದಕ್ಕೇ ಆಮ್ಲಜನಕ ಖರ್ಚಾಗುತ್ತದೆ. ಒಂದು ಪ್ರಯೋಗ ಮಾಡಿ: 50 ಮೀಟರನ್ನು ಮೂರು ಬಾರಿ, ನಡುವೆ ಐದು ನಿಮಿಷ ವಿಶ್ರಾಂತಿ ಕೊಟ್ಟು, ಒಮ್ಮೆ 45 ಸೆಕೆಂಡಿನಲ್ಲಿ, ಒಮ್ಮೆ 55ರಲ್ಲಿ, ಒಮ್ಮೆ 65ರಲ್ಲಿ ಮುಗಿಸಿ. ಯಾವುದರಲ್ಲಿ ಮೇಲೆ ಬಂದಾಗ ಹಗುರವಾಗಿದ್ದಿರೋ ಅದು ನಿಮ್ಮ ವೇಗ. ಬಿಡಿ ಫಿನ್ನಿನಲ್ಲಿ ಬಹಳ ಜನರಿಗೆ ಅದು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸಿನಲ್ಲಿರುತ್ತದೆ.

ತಿರುವನ್ನೂ ಬೇರೆಯಾಗಿ ಅಭ್ಯಾಸ ಮಾಡಿ. ಒಂದು ಕೈ ಗೋಡೆ ಮುಟ್ಟಿ, ದೇಹ ಗುಂಡಗಾಗಿ ತಿರುಗಿ, ಎರಡೂ ಪಾದ ಊರಿ, ದೇಹ ನೆಟ್ಟಗಾದ ಮೇಲೆಯೇ ಒದೆಯಬೇಕು. ಓರೆಯಾಗಿ ಒದ್ದರೆ ಪುಕ್ಕಟೆ ಸಿಗಬೇಕಿದ್ದ ಮೀಟರುಗಳು ತಳಕ್ಕೋ ಮೇಲಕ್ಕೋ ಹೋಗುತ್ತವೆ.

ಹೆಜ್ಜೆ 5: ಸೆಳೆತದ ಜೊತೆ ಇರಲು ಕಲಿಯುವುದು

ಈಗ ಉಸಿರಿನ ಸರದಿ. ವಪೆ ಎಳೆಯತೊಡಗಿದಾಗ ಆಮ್ಲಜನಕ ಮುಗಿಯಿತು ಎಂದು ದೇಹ ನಂಬುತ್ತದೆ. ಹೆಚ್ಚಿನವರಿಗೆ ಅದು ಇಡೀ ಹೊತ್ತಿನ ಅರ್ಧದಲ್ಲೋ ಮುಕ್ಕಾಲಿನಲ್ಲೋ ಬರುತ್ತದೆ, ಇನ್ನೂ ಒಂದಷ್ಟು ದಾರಿ ಉಳಿದಿರುತ್ತದೆ. ಸೆಳೆತಕ್ಕೆ ಹೊಟ್ಟೆ ಬಿಗಿಹಿಡಿದು ಎದುರು ನಿಂತರೆ ಆ ಬಿಗಿತವೇ ಖರ್ಚು. ಅಲೆ ಬಂದಾಗ ದೋಣಿ ಏರಿ ಇಳಿದ ಹಾಗೆ ಹೊಟ್ಟೆಯನ್ನು ಏರಿ ಇಳಿಯಲು ಬಿಡಿ. ದವಡೆ, ನಾಲಿಗೆ, ಭುಜ, ಹಸ್ತ ಸಡಿಲವಾಗಿವೆಯೇ ಎಂದು ಒಂದೊಂದಾಗಿ ನೋಡುತ್ತ ಹೋಗಿ.

ಮನೆಯಲ್ಲಿ, ಮಲಗಿಕೊಂಡು, ಒಣ ನೆಲದ ಮೇಲೆ ವಾರಕ್ಕೆ ಎರಡು ಬಾರಿ ಅಭ್ಯಾಸ ಸಾಕು. ನಿಮ್ಮ ಅತಿ ಹೆಚ್ಚು 4 ನಿಮಿಷ ಎಂದುಕೊಳ್ಳಿ. ಮೊದಲ ಬಗೆಯಲ್ಲಿ ಪ್ರತಿ ಸಲವೂ 2 ನಿಮಿಷವೇ ಕಟ್ಟುತ್ತೀರಿ, ನಡುವಿನ ವಿಶ್ರಾಂತಿಯನ್ನು 2 ನಿಮಿಷದಿಂದ 15 ಸೆಕೆಂಡಿನಂತೆ ಇಳಿಸುತ್ತ ಎಂಟು ಸುತ್ತು ಮಾಡುತ್ತೀರಿ. ಇದು ಡೈಆಕ್ಸೈಡ್ ಸಹಿಸುವ ಅಭ್ಯಾಸ. ಎರಡನೆಯ ಬಗೆಯಲ್ಲಿ ವಿಶ್ರಾಂತಿ ಪ್ರತಿ ಸಲವೂ 2 ನಿಮಿಷ, ಉಸಿರು ಕಟ್ಟುವ ಹೊತ್ತು 1:45ರಿಂದ 15 ಸೆಕೆಂಡಿನಂತೆ ಏರಿ 3:15ರ ಹತ್ತಿರ ನಿಲ್ಲುತ್ತದೆ. ಇದು ಕಡಿಮೆ ಆಮ್ಲಜನಕದ ಅಭ್ಯಾಸ. ಎರಡನ್ನೂ ಒಂದೇ ದಿನ ಮಾಡಬೇಡಿ. ನನಗೆ ಮೊದಲನೆಯದರಿಂದ ಹೆಚ್ಚು ಲಾಭವಾಯಿತು. ಎರಡನೆಯದನ್ನು ದಾಖಲೆಯ ಪ್ರಯತ್ನಕ್ಕೆ ಮೂರು ನಾಲ್ಕು ವಾರ ಇರುವಾಗ ಮಾತ್ರ ಮಾಡುತ್ತೇನೆ. ಹೊತ್ತಿಲ್ಲದ ದಿನಗಳಿಗೆ ಇನ್ನೊಂದಿದೆ: ಮೊದಲ ಸೆಳೆತ ಬರುವವರೆಗೆ ಕಟ್ಟಿ, ಒಂದೇ ಒಂದು ಉಸಿರು ಆಡಿ, ಮತ್ತೆ ಕಟ್ಟುವುದು, ಹೀಗೆ ಆರು ಸಲ. ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಕಲಿಸುವುದು ಬಹಳ.

ಕೊಳದಲ್ಲಿ ಇದರ ರೂಪ 25 ಮೀಟರಿನ ಪುನರಾವರ್ತನೆ. ಎಂಟು ಸಲ 25 ಮೀಟರ್, ನಡುವೆ ಒಂದು ನಿಮಿಷ. ಸುಲಭವೆನಿಸಿದ ಮೇಲೆ 50 ಸೆಕೆಂಡು, ಆಮೇಲೆ 40. ವಿಶ್ರಾಂತಿ ಕಡಿಮೆಯಾದಂತೆ ಕಾಲಿನ ಲಯ ಕೆಡುತ್ತದೆಯೇ ಎಂದು ಗಮನಿಸಿ. ಕೆಟ್ಟರೆ ಅಲ್ಲಿಗೆ ನಿಲ್ಲಿಸಿ. ಕೆಟ್ಟ ಲಯದ ಹತ್ತು ಉದ್ದಕ್ಕಿಂತ ಚೊಕ್ಕ ಲಯದ ಆರು ಉದ್ದ ಮೇಲು.

ಪ್ರಾಣಾಯಾಮದ ನಿಜವಾದ ಉಪಯೋಗ ಬರುವುದು ಈ ಹೆಜ್ಜೆಯಲ್ಲೇ. ನಾಡಿಶೋಧನ ಮನಸ್ಸನ್ನು ನಿಧಾನಗೊಳಿಸುತ್ತದೆ, ಅಂತರ್ ಕುಂಭಕದ, ಎಂದರೆ ಉಸಿರು ತುಂಬಿಕೊಂಡು ಕಟ್ಟುವುದರ, ಪರಿಚಯ ಇದ್ದವರಿಗೆ ತುಂಬಿದ ಎದೆಯ ಒತ್ತಡ ಹೊಸದೆನಿಸುವುದಿಲ್ಲ, ಖಾಲಿ ಹೊಟ್ಟೆಯಲ್ಲಿ ಮಾಡುವ ಉಡ್ಡಿಯಾನ ಬಂಧ (ಉಸಿರು ಬಿಟ್ಟು ಹೊಟ್ಟೆಯನ್ನು ಒಳಗೆ ಮೇಲಕ್ಕೆ ಎಳೆದುಕೊಳ್ಳುವುದು) ವಪೆ, ಪಕ್ಕೆಲುಬುಗಳನ್ನು ಸಡಿಲಿಸುತ್ತದೆ. 1976ರಲ್ಲಿ ಇಟಲಿಯ ಎಲ್ಬಾ ದ್ವೀಪದ ಬಳಿ 100 ಮೀಟರ್ ಆಳ ಮುಟ್ಟಿದ ಮೊದಲಿಗರಾದ ಫ್ರಾನ್ಸಿನ ಜಾಕ್ ಮಯೋಲ್ ತಮ್ಮ ತಯಾರಿಯಲ್ಲಿ ಯೋಗವನ್ನು ಸೇರಿಸಿಕೊಂಡಿದ್ದರು.

ಮನಸ್ಸಿನ ವಿಷಯದಲ್ಲಿ ನಾನು ಹೆಚ್ಚು ಕಲಿತದ್ದು ರಷ್ಯಾದ ನಟಾಲಿಯಾ ಮೊಲ್ಚಾನೊವಾ ಅವರ ವಿಧಾನದಿಂದ. ನಲವತ್ತರ ವಯಸ್ಸಿನಲ್ಲಿ ಈ ಕ್ರೀಡೆಗೆ ಬಂದ ಅವರು 2013ರಲ್ಲಿ, 51ರ ಪ್ರಾಯದಲ್ಲಿ, ಬೆಲ್‌ಗ್ರೇಡ್‌ನಲ್ಲಿ 9 ನಿಮಿಷ 2 ಸೆಕೆಂಡ್ ಸ್ಟ್ಯಾಟಿಕ್ ಮಾಡಿದರು. ಗಮನವನ್ನು ಒಂದು ಬಿಂದುವಿಗೆ ಕಟ್ಟಿಹಾಕದೆ, ನೋಟದ ಅಂಚುಗಳವರೆಗೂ, ಇಡೀ ಮೈಯ ತುಂಬಾ ತೆಳುವಾಗಿ ಹರಡುವುದನ್ನು ಅವರು ಕಲಿಸುತ್ತಿದ್ದರು. ಹಾಗೆ ಹರಡಿದಾಗ ‘ಇನ್ನೆಷ್ಟು ದೂರ’ ಎಂಬ ಪ್ರಶ್ನೆಗೆ ಕೂರಲು ಜಾಗವಿರುವುದಿಲ್ಲ. 2015ರ ಆಗಸ್ಟಿನಲ್ಲಿ ಸ್ಪೇನಿನ ಫಾರ್ಮೆಂಟೆರಾ ದ್ವೀಪದ ಬಳಿ ಕಡಲಿಗಿಳಿದ ಅವರು ಮತ್ತೆ ಮೇಲೆ ಬರಲಿಲ್ಲ. ಮೊದಲ ಹೆಜ್ಜೆಯನ್ನು ಅಷ್ಟು ಉದ್ದಕ್ಕೆ ಬರೆಯುವಾಗ ನನ್ನ ಕಣ್ಣ ಮುಂದೆ ಅವರಿದ್ದರು.

ಹೆಜ್ಜೆ 6: ಎಂಟು ವಾರದ ಲೆಕ್ಕ

ಮೊದಲ ಮೂರು ವಾರ ತೂಕ, ತಲೆ, ಹೊಡೆತ, ತಿರುವು ಇವಿಷ್ಟೇ. ಯಾವ ಧುಮುಕೂ ನಿಮ್ಮ ದಾಖಲೆಯ ಅರ್ಧ ದಾಟಬಾರದು. ನಾಲ್ಕರಿಂದ ಆರನೆಯ ವಾರ 25 ಮೀಟರಿನ ಪುನರಾವರ್ತನೆ ಮತ್ತು ಮನೆಯ ಅಭ್ಯಾಸ. ವಾರಕ್ಕೊಮ್ಮೆ ದಾಖಲೆಯ ಮುಕ್ಕಾಲು ಭಾಗದಷ್ಟು ದೂರ, ಆರಾಮವಾಗಿ. ಏಳನೆಯ ವಾರ ದಾಖಲೆಯ ನೂರಕ್ಕೆ ಎಂಬತ್ತೈದರಷ್ಟು ಒಮ್ಮೆ. ಎಂಟನೆಯ ವಾರ ಬಹುಪಾಲು ವಿಶ್ರಾಂತಿ, ಕೊನೆಗೆ ಪ್ರಯತ್ನ. ವಾರಕ್ಕೆ ಎರಡು ಬಾರಿ ಕೊಳ ಸಾಕು, ಹೆಚ್ಚೆಂದರೆ ಮೂರು. ಉಳಿದ ದಿನಗಳಲ್ಲಿ ನಡಿಗೆ, ಸೈಕಲ್, ಕಾಲಿನ ವ್ಯಾಯಾಮ.

ಪ್ರತಿ ವಾರವೂ ಗರಿಷ್ಠಕ್ಕೆ ಹೋಗುವವರು ಬೆಳೆಯುವುದಿಲ್ಲ. ಕೊನೆಯ ಮೀಟರುಗಳ ಸಂಕಟವನ್ನೇ ಪದೇಪದೇ ಅನುಭವಿಸಿದರೆ ನೀರಿನ ಅಂಚಿಗೆ ಬಂದಾಗಲೇ ಎದೆ ಬಡಿದುಕೊಳ್ಳಲು ಶುರುವಾಗುತ್ತದೆ. ನನ್ನ ಎಂಟು ತಿಂಗಳು ಹೋದದ್ದು ಹೀಗೆಯೇ.

ಹೆಜ್ಜೆ 7: ಪ್ರಯತ್ನದ ದಿನ

ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಕೊನೆಯ ಊಟ ಮೂರು ಗಂಟೆ ಮೊದಲು, ಹಗುರವಾಗಿರಲಿ. ಬೆಳಗಿನ ಫಿಲ್ಟರ್ ಕಾಫಿಯನ್ನು ಅಂದು ಬಿಡಿ, ಹೃದಯದ ಬಡಿತ ಏರುತ್ತದೆ. ನೆಗಡಿ, ಜ್ವರ, ಮನಸ್ಸಿನ ಕಿರಿಕಿರಿ ಇದ್ದರೆ ಪ್ರಯತ್ನವನ್ನೇ ಮುಂದೂಡಿ.

ಗುರಿ ಹಳೆಯದಕ್ಕಿಂತ ನೂರಕ್ಕೆ ಐದು, ಹೆಚ್ಚೆಂದರೆ ಹತ್ತು ಮಾತ್ರ ಮೇಲಿರಲಿ. ಎಷ್ಟು ದೂರ, ಎಲ್ಲಿ ಮೇಲೇಳುತ್ತೀರಿ ಎಂದು ಜೊತೆಗಾರನಿಗೆ ಬಾಯಿಬಿಟ್ಟು ಹೇಳಿ. ಹೇಳಿದ್ದಕ್ಕಿಂತ ಮುಂದೆ ಹೋಗಬೇಡಿ, ಎಷ್ಟೇ ಹಗುರವೆನಿಸಿದರೂ. ಮೊದಲು ಎರಡು ಮೂರು ಸುಲಭದ ಉಸಿರುಕಟ್ಟು ಮಾಡಿ. ಮುಖ ನೀರಿನಲ್ಲಿದ್ದು ಉಸಿರು ನಿಂತಾಗ ಹೃದಯ ನಿಧಾನಿಸುತ್ತದೆ, ಗುಲ್ಮ (ಸ್ಪ್ಲೀನ್) ಕುಗ್ಗಿ ತನ್ನಲ್ಲಿದ್ದ ಕೆಂಪು ರಕ್ತಕಣಗಳನ್ನು ಹೊರಬಿಡುತ್ತದೆ. ಸೀಲ್, ತಿಮಿಂಗಿಲಗಳಂತೆ ನಮಗೂ ಇರುವ ಈ ಗುಣ ಎಚ್ಚರಗೊಳ್ಳಲು ಆ ಕೆಲವು ಸುತ್ತು ಬೇಕು. ಆಮೇಲೆ ಮೂರು ನಾಲ್ಕು ನಿಮಿಷ ಗೋಡೆ ಹಿಡಿದು ತೇಲಿ, ಸಹಜವಾಗಿ ಉಸಿರಾಡಿ. ಬಿಡುವ ಉಸಿರು ಎಳೆಯುವುದಕ್ಕಿಂತ ತುಸು ದೀರ್ಘವಾಗಿರಲಿ. ತುದಿಬೆರಳು ಜುಮ್ಮೆಂದರೆ, ತಲೆ ಹಗುರಾದರೆ ಅತಿಯಾಗಿ ಉಸಿರಾಡಿದ್ದೀರಿ. ನಿಲ್ಲಿಸಿ ಮತ್ತೆ ಕಾಯಿರಿ. ಕೊನೆಗೆ ಹೊಟ್ಟೆಯಿಂದ ಎದೆಯವರೆಗೆ ಒಂದೇ ಪೂರ್ಣ ಉಸಿರು.

ಮೊದಲ 25 ಮೀಟರ್ ಬೇಸರ ತರಿಸುವಷ್ಟು ಸಲೀಸಾಗಿರಲಿ. ಸೆಳೆತ ಶುರುವಾದ ಮೇಲೆ ಕಾಲಿನ ಲಯ ಬದಲಿಸಬೇಡಿ, ಹೊಡೆತಗಳನ್ನು ಎಣಿಸಿ. ನೋಟ ಮಬ್ಬಾದರೆ, ಯೋಚನೆ ಕಲಸಿದರೆ, ಸೆಳೆತ ಇದ್ದಕ್ಕಿದ್ದಂತೆ ನಿಂತು ಸುಖವೆನಿಸಿದರೆ ತಕ್ಷಣ ಮೇಲೇಳಿ.

ಮೇಲೆ ಬಂದೊಡನೆ ಗೋಡೆಯನ್ನೋ ಲೇನ್ ಹಗ್ಗವನ್ನೋ ಹಿಡಿಯಿರಿ. ಶ್ವಾಸಕೋಶವನ್ನು ಪೂರ್ತಿ ಖಾಲಿ ಮಾಡಬೇಡಿ; ತುಸುವೇ ಹೊರಬಿಟ್ಟು, ಬೇಗ ಒಳಗೆಳೆದು, ಒಂದೆರಡು ಸೆಕೆಂಡು ಅಲ್ಲೇ ಒತ್ತಿ ಹಿಡಿದು, ಮತ್ತೆ ಅದೇ ರೀತಿ ಐದಾರು ಸಲ ಉಸಿರಾಡಿ. ಸ್ಪರ್ಧೆಯಲ್ಲಿ 15 ಸೆಕೆಂಡಿನೊಳಗೆ ಗಾಗಲ್, ಮೂಗಿನ ಕ್ಲಿಪ್ ತೆಗೆದು, ಕೈಸನ್ನೆ ತೋರಿಸಿ, ‘ಐ ಆಮ್ ಓಕೆ’ ಎನ್ನಬೇಕು. ಇದನ್ನು ಪ್ರತಿ ಅಭ್ಯಾಸದ ಕೊನೆಯಲ್ಲೂ ಮಾಡಿ, ಬರೀ 25 ಮೀಟರಾದರೂ ಸರಿ. ಅದು ಮಾಡಲಾಗದೆ ತಲೆ ಕುಣಿದರೆ, ಕೈ ನಡುಗಿದರೆ ಆ ದೂರ ನಿಮ್ಮದಾಗಲಿಲ್ಲ. ಅಂದಿನ ಅಭ್ಯಾಸ ಅಲ್ಲಿಗೆ ಮುಗಿಯಿತು. ಮುಂದಿನ ಎರಡು ವಾರ ದಾಖಲೆಯ ಅರ್ಧದೊಳಗೇ ಇರಿ.

ಚೊಕ್ಕವಾಗಿ ಬಂದಿದ್ದರೂ ಅದೇ ದಿನ ಎರಡನೆಯ ಪ್ರಯತ್ನ ಬೇಡ. ಕಾಲು ಗಂಟೆ ದಂಡೆಯಲ್ಲಿ ಕುಳಿತು ಮೈ ಒರೆಸಿಕೊಳ್ಳಿ, ಹೊಡೆತದ ಲೆಕ್ಕ ಮರೆಯುವ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಸ್ನಾರ್ಕೆಲ್ ಹಾಕಿಕೊಂಡು ನೀರಿಗಿಳಿಯಿರಿ, ಈಗ ಜೊತೆಗಾರನ ಸರದಿ.